ಹನ್ನೆರಡನೆಯ ಲಕೋಟೆ

“ಹನ್ನೊಂದೂ ಒಂದೇ ಕ್ಯಾಮೆರಾದಲ್ಲಿ ತೆಗೆದದ್ದು,” ಎಂದು ನಿಧಾನಪ್ಪ ಕೊನೆಯ ಫೋಟೋವನ್ನೂ ಚಿಕಿತ್ಸೆಯ ಮಂಚದ ಮೇಲೆ ಇಟ್ಟ. “ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ನಿಮಗೇ ಕಾಣ್ಸುತ್ತೆ.”

ಮಧ್ಯಾಹ್ನ ಒಂದೂವರೆ. ಫಿಸಿಯೋಥೆರಪಿ ಕ್ಲಿನಿಕ್ಕಿನ ಬಾಗಿಲಲ್ಲಿ ‘ಮತ್ತೆ ಮೂರು ಗಂಟೆಗೆ’ ಎಂಬ ಹಲಗೆ ನೇತಾಡುತ್ತಿತ್ತು. ಒಳಗೆ, ನೀಲಿ ಪರದೆಯ ಈಚೆ, ಮೂರು ಜನ. ಕಿಟಕಿಯ ಹತ್ತಿರ ಡಾಕ್ಟರಮ್ಮ. ತಿರುಗುವ ಸ್ಟೂಲಿನ ಮೇಲೆ ಅವರ ಗಂಡನ ಫೋಟೋ ಸ್ಟುಡಿಯೋದ ಪಾಲುದಾರ. ಮಂಚದ ಪಕ್ಕ ಪತ್ತೇದಾರ ನಿಧಾನಪ್ಪ. ಪರದೆಯ ಆಚೆ ಎರಡನೆಯ ಮಂಚದ ಹತ್ತಿರ ಡಾಕ್ಟರಮ್ಮನ ನಾದಿನಿ ಟವೆಲ್ಲುಗಳನ್ನು ಮಡಚಿಡುತ್ತಿದ್ದಳು. ಆಕೆಯೂ ಇದೇ ಕ್ಲಿನಿಕ್ಕಿನಲ್ಲಿ ಏಳು ವರ್ಷದಿಂದ ಕೆಲಸ ಮಾಡುವವಳು.

ಹದಿನಾಲ್ಕು ವಾರಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಡಾಕ್ಟರಮ್ಮನ ಗಂಡ ಹೊಸ ಕ್ಯಾಮೆರಾವನ್ನು ಜರ್ಕಿನ್ನಿನ ಜೇಬಿಗೆ ಹಾಕಿಕೊಂಡು ಹೊರಟವರು ತಿರುಗಿ ಬಂದಿರಲಿಲ್ಲ. ಮೂರನೆಯ ವಾರದಿಂದ ಶನಿವಾರ ಶನಿವಾರ ಮನೆಗೆ ಒಂದು ಲಕೋಟೆ ಬರತೊಡಗಿತು. ಒಳಗೆ ಒಂದೇ ಒಂದು ಫೋಟೋ. ಒಂದಕ್ಷರ ಬರಹವಿಲ್ಲ.

“ಮಚ್ಚೆ,” ಎಂದರು ಡಾಕ್ಟರಮ್ಮ, ಫೋಟೋಗಳ ಕಡೆ ನೋಡದೆಯೇ. “ಬಲಗಡೆ ಮೇಲಿನ ಮೂಲೇಲಿ. ನಂಗೆ ಮೊದಲ ದಿನವೇ ಕಾಣ್ಸಿತ್ತು. ಅದನ್ನ ನೋಡಿಯೇ ಅಲ್ವಾ ನಾನು ಜೀವ ಹಿಡ್ಕೊಂಡಿರೋದು.”

ಖಾಲಿ ಬೆಂಚು, ಮುಚ್ಚಿದ ಅಂಗಡಿ, ನದಿಯ ಮೆಟ್ಟಿಲು, ಸೇತುವೆ. ಎಲ್ಲದರ ಆಕಾಶದಲ್ಲೂ ಒಂದೇ ಜಾಗದಲ್ಲಿ ಸಾಸಿವೆಯಷ್ಟು ಮಸುಕು ಚುಕ್ಕೆ.

“ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಸೆನ್ಸರ್ ಮೇಲೆ ಅಂಟಿದ ಧೂಳು,” ಎಂದ ನಿಧಾನಪ್ಪ. “ಎಲ್ಲಿ ಹೋಗಿ ತೆಗೆದ್ರೂ ಅದೇ ಜಾಗದಲ್ಲಿ ಬೀಳುತ್ತೆ. ಆದ್ರೆ ತಾಯಿ, ನೀವು ಒಂದು ಮಾತು ಮರೆತ್ರಿ. ಈ ಚುಕ್ಕೆ ಯಾವ ಕ್ಯಾಮೆರಾದ್ದು?”

“ಅವರ ಹಳೇ ದೊಡ್ಡ ಡಿಎಸ್ಎಲ್ಆರ್ ಕ್ಯಾಮೆರಾದ್ದು.”

“ಅದು ಈಗೆಲ್ಲಿದೆ?”

ಡಾಕ್ಟರಮ್ಮನ ಕೈ ಸೊಂಟದ ಬೀಗದ ಕೈಗೊಂಚಲಿಗೆ ಹೋಯಿತು.

ಅದು ಮನೆಯ ಬೀರುವಿನಲ್ಲಿತ್ತು. ಎರಡು ಕ್ಯಾಮೆರಾ ಬಾಡಿ, ಮೂರು ಲೆನ್ಸು, ಫ್ಲ್ಯಾಶು, ಎಲ್ಲ ಸೇರಿದ ಆ ಕರಿ ಚೀಲವನ್ನು ಎತ್ತಿದವರ ಬಾಯಿಂದ ಒಂದು ‘ಅಮ್ಮಾ’ ಬರದೆ ಇರುತ್ತಿರಲಿಲ್ಲ. ಗಂಡ ಕಾಣೆಯಾದ ದಿನದಿಂದ ಅದು ಅಲ್ಲಿಂದ ಕದಲಿರಲಿಲ್ಲ. ಬೀರುವಿನ ಬೀಗದ ಕೈ ಡಾಕ್ಟರಮ್ಮನ ಬಳಿಯೇ ಇತ್ತು.

“ಅಂದ್ರೆ ಇವು ಅವರು ಹೋದ ಮೇಲೆ ತೆಗೆದ ಫೋಟೋಗಳಲ್ಲ,” ಎಂದರು ನಿಧಾನವಾಗಿ.

“ಅಲ್ಲ ತಾಯಿ. ಹಳೇವು. ಯಾವುದೋ ಹಾರ್ಡ್ ಡಿಸ್ಕಿನಲ್ಲಿ ಮಲಗಿದ್ದವನ್ನ ಯಾರೋ ಎಬ್ಬಿಸಿದ್ದಾರೆ.”

ಇಪ್ಪತ್ತೈದು ವರ್ಷ ವಿಮಾ ಕಂಪನಿಗೆ ಗುದ್ದಿದ ಗಾಡಿಗಳ ನೆಗ್ಗು ಅಳೆದುಕೊಟ್ಟವನು ನಿಧಾನಪ್ಪ. ಯಾವ ಪ್ರಶ್ನೆಯನ್ನೂ ಎದುರಿನವರು ಉತ್ತರ ಕೊಡಲು ಸಿದ್ಧರಾಗುವವರೆಗೆ ಕೇಳುತ್ತಿರಲಿಲ್ಲ. ಊರು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಈಗ ಅವನು ಕರ್ಚೀಫು ತೆಗೆದು ಕನ್ನಡಕ ಒರೆಸಿ, ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಆಮೇಲೆ ಸ್ಟೂಲಿನ ಕಡೆ ತಿರುಗಿದ.

“ಸ್ಟುಡಿಯೋದಲ್ಲಿ ಮದುಮಗಳ ಮುಖದ ಮೊಡವೆ ಅಳಿಸೋರು ಯಾರು?”

“ನಾನೇ,” ಎಂದ ಪಾಲುದಾರ. ಸ್ಟೂಲು ಅರ್ಧ ಸುತ್ತು ತಿರುಗಿ ನಿಂತಿತು.

“ಎರಡು ಗಂಟೆ ಕೂತು ಹುಬ್ಬಿನ ಒಂದು ಕೂದಲು ಸರಿ ಮಾಡ್ತೀರಂತೆ. ಆಕಾಶದ ಮೇಲಿನ ಒಂದು ಚುಕ್ಕೆ ಅಳಿಸೋಕೆ ಎಷ್ಟು ಹೊತ್ತು ಬೇಕು?”

“ಒಂದು ಕ್ಲಿಕ್ಕು.”

“ಹನ್ನೊಂದು ಫೋಟೋದಲ್ಲೂ ಯಾಕೆ ಬಿಟ್ರಿ?”

ಪರದೆಯ ಆಚೆ ಟವೆಲ್ಲು ಕೊಡವುವ ಸದ್ದು ನಿಂತಿತು. ಪಾಲುದಾರ ತನ್ನ ಅಂಗೈಯನ್ನೇ ನೋಡುತ್ತ ಕೂತ. ನಲವತ್ತೈದು ದಾಟಿದ, ಕುಳ್ಳಗಿನ, ದುಂಡು ಮುಖದ ಮನುಷ್ಯ. ‘ಅಣ್ಣನ ಚೀಲ ಹೊತ್ತೂ ಹೊತ್ತೂ ನಾನು ಬೆಳೆಯೋದೇ ನಿಂತುಹೋಯ್ತು’ ಎಂದು ಮದುವೆ ಮನೆಗಳಲ್ಲಿ ನಗಿಸುತ್ತಿದ್ದವನು. ಇವತ್ತು ನಗು ಹತ್ತಿರವೂ ಸುಳಿಯಲಿಲ್ಲ.

“ಆ ಮಚ್ಚೆ ತೆಗೆದ್ರೆ,” ಎಂದ ಕೊನೆಗೆ, “ಅದು ಅಣ್ಣನ ಫೋಟೋ ಅಂತ ಅತ್ತಿಗೆಗೆ ಹೇಗೆ ಗೊತ್ತಾಗ್ತಿತ್ತು?”

ಡಾಕ್ಟರಮ್ಮ ಕಿಟಕಿಯ ಸರಳು ಹಿಡಿದುಕೊಂಡರು.

“ನೀನಾ?” ಎಂದರು. “ನೀನು ಕಳಿಸಿದ್ದಾ?”

“ಬೈದುಬಿಡಿ ಅತ್ತಿಗೆ. ಹೊಡೆದ್ರೂ ಹೊಡೀರಿ.”

“ಯಾಕೋ? ಯಾಕೆ ಹೀಗೆ ಮಾಡ್ದೆ?”

“ಅವತ್ತು ನೀವು ಸ್ಟುಡಿಯೋಗೆ ಬಂದಿದ್ರಿ. ಜ್ಞಾಪಕ ಇದ್ಯಾ? ಗಿರಾಕಿಗಳು ಕೂರೋ ಸ್ಟೂಲಿನ ಮೇಲೆ ಕೂತ್ರಿ. ಲೈಟುಗಳೆಲ್ಲ ಉರೀತಾ ಇದ್ವು. ‘ಬದುಕಿದೀನಿ ಅಂತ ಒಂದು ಗುರುತು ಸಿಕ್ಕಿದ್ರೆ ಸಾಕು, ಬೇರೆ ಏನೂ ಬೇಡ’ ಅಂದ್ರಿ. ಎರಡು ದಿನದಿಂದ ನೀವು ಊಟ ಮಾಡಿಲ್ಲ ಅಂತ ನಿಮ್ಮ ನಾದಿನಿ ಹೇಳಿದ್ರು. ನಂಗೆ ತಡೀಲಿಲ್ಲ. ಒಂದೇ ಒಂದು ಅಂತ ಕಳಿಸಿದೆ.”

“ಒಂದು ಹನ್ನೊಂದು ಆಯ್ತಲ್ಲ,” ಎಂದ ನಿಧಾನಪ್ಪ.

“ನಡುವೆ ಒಂದು ವಾರ ನಿಲ್ಲಿಸ್ದೆ ಸಾರ್. ಆ ಶನಿವಾರ ಅತ್ತಿಗೆ ಪೋಸ್ಟ್ ಡಬ್ಬವನ್ನ ಮೂರು ಸಲ ತೆಗೆದು ನೋಡಿದ್ರಂತೆ. ಮೂರನೇ ಸಲ ಒಳಗೆ ಕೈ ಹಾಕಿ ತಡಕಿದ್ರಂತೆ. ಅದನ್ನ ಕೇಳಿದ ಮೇಲೆ ಹೇಗೆ ನಿಲ್ಲಿಸ್ಲಿ?”

ಹೊರಗೆ ಬೀದಿಯಲ್ಲಿ ಒಂದು ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು.

ಡಾಕ್ಟರಮ್ಮ ಬಂದು ಪಾಲುದಾರನ ಎದುರು ನಿಂತರು. ಬೈಯುತ್ತಾರೆ ಎಂದು ಅವನು ತಲೆ ತಗ್ಗಿಸಿದ. ಅವರು ಅವನ ಎರಡೂ ಭುಜದ ಮೇಲೆ ಕೈಯಿಟ್ಟು, ಅಭ್ಯಾಸಬಲದಿಂದ ಎಂಬಂತೆ, ಬಿಗಿದ ಕುತ್ತಿಗೆಯ ನರವನ್ನು ಹೆಬ್ಬೆರಳಿನಿಂದ ಒತ್ತಿದರು.

“ಕಲ್ಲಾಗಿದೆ,” ಎಂದರು. “ಹನ್ನೊಂದು ವಾರ ಇದನ್ನ ಹೊತ್ಕೊಂಡು ಹೇಗೆ ಓಡಾಡ್ದೆಯೋ ಪುಣ್ಯಾತ್ಮ.”

ಪಾಲುದಾರ ಮಗುವಿನ ಹಾಗೆ ಅತ್ತುಬಿಟ್ಟ.

ಅಳು ಮುಗಿಯುವವರೆಗೆ ನಿಧಾನಪ್ಪ ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರದ ಮಣಿಗಳನ್ನು ಮೇಲಿಂದ ಕೆಳಗೆ ಎಣಿಸಿದ. ಆಮೇಲೆ ಕೇಳಿದ: “ಇಷ್ಟೇ ಅಲ್ಲ ಅಲ್ವಾ? ಇನ್ನೂ ಏನೋ ಕಲ್ಲಾಗಿದೆ. ಹೊಸ ಕ್ಯಾಮೆರಾ ಬಂದ ದಿನ ಸ್ಟುಡಿಯೋದಲ್ಲಿ ಏನಾಯ್ತು?”

“ಏನೂ ಆಗ್ಲಿಲ್ಲ.”

“ಮೂರು ಸಲ ಕೇಳಿದೀನಿ. ಮೂರು ಸಲವೂ ‘ಏನೂ ಆಗ್ಲಿಲ್ಲ’ ಅಂದ್ರಿ. ಏನೂ ಆಗದ ದಿನವನ್ನ ಇಷ್ಟು ಚೆನ್ನಾಗಿ ಯಾರೂ ಜ್ಞಾಪಕ ಇಟ್ಕೊಳ್ಳಲ್ಲ.”

ಪಾಲುದಾರ ಅತ್ತಿಗೆಯ ಮುಖ ನೋಡಿದ. “ಮಾತು ಕೊಟ್ಟಿದೀನಿ ಅಣ್ಣಂಗೆ.”

“ನನ್ನಾಣೆ,” ಎಂದರು ಡಾಕ್ಟರಮ್ಮ. “ಹೇಳು.”

ಅವನು ಹೇಳಿದ.

ಎರಡು ವರ್ಷದಿಂದ ಡಾಕ್ಟರಮ್ಮ ಒಂದೇ ಸಮನೆ ಗಂಡನ ಬೆನ್ನು ಹತ್ತಿದ್ದರು. ಕ್ಯಾಮೆರಾ ಚೀಲದ ಪಟ್ಟಿ ಕೂತೂ ಕೂತೂ ಬಲಭುಜ ಎಡಕ್ಕಿಂತ ಬೆರಳಗಲ ಇಳಿದಿದೆ, ಕೈಗೆ ಜೋಮು ಹಿಡಿಯುತ್ತಿದೆ, ಈ ಹೆಣಭಾರ ಬಿಡಿ, ಹಗುರದ ಮಿರರ್‌ಲೆಸ್ ಕ್ಯಾಮೆರಾ ತಗೊಳ್ಳಿ ಎಂದು. ಅವರು ನಗುತ್ತಿದ್ದರು. ‘ಭಾರ ಇದ್ರೇನೇ ಕೈ ನಿಲ್ಲೋದು’ ಎನ್ನುತ್ತಿದ್ದರು. ಕಾಫಿ ಲೋಟ ಹಿಡಿದಾಗ ಬೆರಳು ಅಲುಗಿದರೆ, ‘ನೋಡ್ದೆಯಾ, ನಿನ್ನೆ ಮದುವೇಲಿ ಹತ್ತು ಗಂಟೆ ಹಿಡಿದದ್ದು’ ಎನ್ನುತ್ತಿದ್ದರು. ಕೊನೆಗೆ ಹೆಂಡತಿಯ ಕಾಟಕ್ಕೆ ಒಪ್ಪಿದರು.

“ಶನಿವಾರ ಸಾಯಂಕಾಲ ಡಬ್ಬಿ ಒಡೆದ್ವಿ ಅತ್ತಿಗೆ. ಹೂವಿನ ಹಾಗಿತ್ತು. ಅಣ್ಣಂಗೆ ಎಷ್ಟು ಖುಷಿ! ‘ನಿಮ್ಮತ್ತಿಗೆ ಗೆದ್ಲು ಕಣೋ’ ಅಂದ್ರು. ಕಣ್ಣಿಗೆ ಹಿಡಿದ್ರು. ನಾನು ಹಿಂದೆ ನಿಂತು ಅದರ ಪರದೇಲಿ ನೋಡ್ತಿದ್ದೆ. ಎದುರಿಗಿದ್ದ ಗೋಡೆ ನಡುಗ್ತಿತ್ತು.”

ಅವನು ಎರಡೂ ಕೈಯನ್ನು ಕ್ಯಾಮೆರಾ ಹಿಡಿದ ಹಾಗೆ ಕಣ್ಣಿನ ಮುಂದೆ ತಂದ.

“ಹೊಸದಲ್ವಾ, ಅಭ್ಯಾಸ ಆಗ್ಬೇಕು ಅಂದ್ರು. ಇನ್ನೊಂದು ಸಲ ಹಿಡಿದ್ರು. ಕೂತು ಹಿಡಿದ್ರು. ಮೊಣಕೈ ಮೇಜಿನ ಮೇಲೆ ಊರಿ ಹಿಡಿದ್ರು. ಕೈ ನಿಲ್ಲಲಿಲ್ಲ. ಕ್ಯಾಮೆರಾ ಕೆಳಗಿಟ್ಟು ಬರೀ ಕೈ ಚಾಚಿದ್ರು. ಆಗಲೂ ನಿಲ್ಲಲಿಲ್ಲ. ‘ಇಷ್ಟು ದಿನ ಭಾರದ ಮೇಲೆ ತಪ್ಪು ಹೊರಿಸ್ಕೊಂಡು ಬಂದೆ ಕಣೋ. ಭಾರದ ತಪ್ಪಲ್ಲ ಇದು’ ಅಂದ್ರು. ನಿಮಗೆ ಹೇಳ್ಬಾರ್ದು ಅಂತ ಮಾತು ತಗೊಂಡ್ರು. ಬೆಳಿಗ್ಗೆ ಹೊರಟೇಹೋಗಿದ್ರು.”

ಡಾಕ್ಟರಮ್ಮ ಮೆಲ್ಲಗೆ ಮಂಚದ ಅಂಚಿಗೆ ಕೂತರು. ರೋಗಿಗಳು ಡಾಕ್ಟರಮ್ಮ ಎಂದಾಗಲೆಲ್ಲ ‘ನಾನು ಡಾಕ್ಟರಲ್ಲಪ್ಪ, ವ್ಯಾಯಾಮ ಮಾಡಿಸೋಳು’ ಎಂದು ತಿದ್ದುವ ಹೆಂಗಸು. ಹದಿನೆಂಟು ವರ್ಷದಲ್ಲಿ ನಡುಗುವ ಕೈಗಳನ್ನು ನೂರಾರು ನೋಡಿದ್ದರು.

“ದೀಪದ ಕೆಳಗೇ ಕತ್ತಲೆ,” ಎಂದರು. “ಕಾಫಿ ಲೋಟ ದಿನಾ ನಾನೇ ಕೊಡ್ತಿದ್ದೆ. ಭುಜ, ಭುಜ ಅಂತ ಭುಜವನ್ನೇ ನೋಡಿದೆ. ಕೈ ನೋಡ್ಲಿಲ್ಲ.”

“ನೀವೇನು ಮಾಡ್ತೀರಿ ಅತ್ತಿಗೆ? ಅಣ್ಣನೇ ಮುಚ್ಚಿಟ್ರು.”

“ಅದೇ ನಂಗೆ ಅರ್ಥ ಆಗ್ದಿರೋದು!” ಅವರ ದನಿ ಮೊದಲ ಸಲ ಏರಿತು. “ಕಂಡಕಂಡೋರ ಕೈ ಹಿಡಿದು ನಡೆಸ್ತೀನಿ. ಗಂಡನ ಕೈ ಹಿಡಿಯೋಕೆ ನಂಗೆ ಬರಲ್ವಾ? ಹೇಳ್ಬಾರ್ದಿತ್ತಾ ನಂಗೆ?”

ನಿಧಾನಪ್ಪ ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದ. ಅದಿನ್ನೂ ಅಂಟಿಕೊಂಡೇ ಇತ್ತು. ಬೆಳಿಗ್ಗೆ ಕ್ಲಿನಿಕ್ಕಿಗೆ ಎಲ್ಲರಿಗಿಂತ ಮೊದಲು ಬಂದವನಿಗೆ ಬಾಗಿಲ ಸಂದಿನಲ್ಲಿ ಸಿಕ್ಕಿದ್ದು. ಡಾಕ್ಟರಮ್ಮನ ಕೈಗೆ ಕೊಟ್ಟಾಗ, ‘ನಂಗೆ ಒಡೆಯೋಕೆ ಧೈರ್ಯ ಇಲ್ಲ, ಸ್ಟುಡಿಯೋದವನು ಬಂದ ಮೇಲೆ ಅವನ ಎದುರಿಗೇ ನೋಡೋಣ’ ಎಂದು ತಿರುಗಿ ಕೊಟ್ಟಿದ್ದರು.

“ಈ ಹನ್ನೆರಡನೆಯದನ್ನ ಮಾತ್ರ ಯಾಕೆ ಕೈಯಾರೆ ತಂದು ಹಾಕಿದ್ರಿ?” ಎಂದು ಪಾಲುದಾರನನ್ನು ಕೇಳಿದ. “ಇವತ್ತು ಶುಕ್ರವಾರ. ಅಂಚೆ ಚೀಟಿ ಇಲ್ಲ, ಮುದ್ರೆ ಇಲ್ಲ. ಮನೆಗಲ್ಲ, ಕ್ಲಿನಿಕ್ಕಿಗೆ.”

ಪಾಲುದಾರ ಕಣ್ಣೊರೆಸಿಕೊಂಡು ಲಕೋಟೆಯನ್ನು ನೋಡಿದ. ಹಿಂದೆ ಮುಂದೆ ತಿರುಗಿಸಿದ.

“ಇದು ನಂದಲ್ಲ ಸಾರ್.”

“ಹನ್ನೊಂದು ಒಪ್ಕೊಂಡೋರು ಹನ್ನೆರಡಕ್ಕೆ ಯಾಕೆ ಹಿಂಜರೀತೀರಿ?”

“ನಂದಾದ್ರೆ ಒಪ್ಕೊಳ್ತಿದ್ದೆ. ನಾಳೇದಿನ್ನೂ ಸ್ಟುಡಿಯೋದ ಡ್ರಾಯರ್‌ನಲ್ಲೇ ಇದೆ. ಬೇಕಾದ್ರೆ ಬಂದು ನೋಡಿ.”

ಡಾಕ್ಟರಮ್ಮ ಲಕೋಟೆಯನ್ನು ಅವನ ಕೈಯಿಂದ ತೆಗೆದುಕೊಂಡು, ಒಂದೇ ಉಸಿರಿಗೆ ಹರಿದರು.

ಫೋಟೋದಲ್ಲಿ ಬೆಂಚಿರಲಿಲ್ಲ, ನದಿಯಿರಲಿಲ್ಲ. ಅವರೇ ಇದ್ದರು. ಇದೇ ಕೋಣೆಯಲ್ಲಿ, ಒಬ್ಬ ಅಜ್ಜಿಯ ಮೊಣಕಾಲನ್ನು ಅಂಗೈಯಲ್ಲಿ ಹಿಡಿದು ಬಗ್ಗಿದ್ದರು. ನೆರೆತ ಕೂದಲು ಹಣೆಗೆ ಬಿದ್ದಿತ್ತು. ಅಜ್ಜಿ ಏನೋ ಹೇಳಿದ್ದಕ್ಕೆ ನಗು ತುಟಿಯವರೆಗೆ ಬಂದು ನಿಂತಿತ್ತು. ಅವರನ್ನು ಬಹಳ ಕಾಲದಿಂದ ನೋಡುತ್ತ ಬಂದವರು ಮಾತ್ರ ಕಾದು ಹಿಡಿಯಬಹುದಾದ ಗಳಿಗೆ ಅದು.

“ಮಂಗಳವಾರ,” ಎಂದರು ಡಾಕ್ಟರಮ್ಮ. “ಹೆಬ್ಬೆರಳಿಗೆ ಪಟ್ಟಿ ಇದೆ ನೋಡಿ. ಸೋಮವಾರ ಸಾಯಂಕಾಲ ಬಿಸಿನೀರು ಬಿತ್ತು. ಬುಧವಾರ ಪಟ್ಟಿ ಬಿಚ್ಚಿದೆ. ಇದು ಮಂಗಳವಾರದ್ದು. ಅಂದ್ರೆ... ಬದುಕಿದ್ದಾರೆ. ಇಲ್ಲೇ ಬಂದಿದ್ರು!”

ಪಾಲುದಾರ ಫೋಟೋಗೆ ಮೂಗು ತಾಗಿಸುವಷ್ಟು ಬಗ್ಗಿದ. “ಮಚ್ಚೆ ಇಲ್ಲ ಅತ್ತಿಗೆ! ಇದು ಹೊಸಾ ಕ್ಯಾಮೆರಾದ್ದೇ.”

“ಆದ್ರೆ ನಾನಿಲ್ಲೇ ಇದ್ದೆನಲ್ಲ. ಅವರ ಕ್ಯಾಮೆರಾದ ಖಟಕ್ ಅನ್ನೋ ಸದ್ದು ಸಂತೆ ನಡುವೆ ಕೇಳಿದ್ರೂ ನಂಗೆ ಗೊತ್ತಾಗುತ್ತೆ.”

“ಅದು ಹಳೇದರ ಸದ್ದು. ಅದರ ಹೊಟ್ಟೇಲಿ ಒಂದು ಕನ್ನಡಿ ಇರುತ್ತೆ, ಒಂದೊಂದು ಫೋಟೋಗೂ ಎದ್ದು ಬೀಳುತ್ತೆ. ಹೊಸದರಲ್ಲಿ ಕನ್ನಡಿಯೇ ಇಲ್ಲ. ಬೇಕಂದ್ರೆ ಬೆಕ್ಕಿನ ಹೆಜ್ಜೆಯಷ್ಟೂ ಸದ್ದಾಗದ ಹಾಗೆ ತೆಗೀಬಹುದು.”

“ಕನ್ನಡಿ ಕ್ಯಾಮೆರಾದಲ್ಲಿ ಇಲ್ದಿದ್ರೇನಂತೆ,” ಎಂದ ನಿಧಾನಪ್ಪ. “ನಿಮ್ಮ ಗೋಡೆ ಮೇಲೆ ಇದೆಯಲ್ಲ.”

ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಫೋಟೋದ ಎಡ ಅಂಚಿಗೆ ತಂದ. ರೋಗಿಗಳು ತಮ್ಮ ನಿಲುವು ನೋಡಿ ಸರಿಪಡಿಸಿಕೊಳ್ಳಲೆಂದು ಎದುರುಗೋಡೆಗೆ ಹಾಕಿದ ಆಳೆತ್ತರದ ಕನ್ನಡಿ ಅಲ್ಲಿ ಒಂದಿಷ್ಟು ಕಾಣುತ್ತಿತ್ತು. ಆ ಕನ್ನಡಿಯೊಳಗೆ ನೀಲಿ ಪರದೆ. ಪರದೆಯ ಸಂದಿನಲ್ಲಿ ಅಂಗೈಯಗಲದ ಕ್ಯಾಮೆರಾ. ಅದರ ಹಿಂದೆ ಮುಖ ಕಾಣದು. ಕ್ಯಾಮೆರಾ ಹಿಡಿದ ತೋಳು ಕಾಣುತ್ತಿತ್ತು. ಆ ತೋಳಿನ ಮೊಣಕೈಯನ್ನು ಕೆಳಗಿನಿಂದ ಹಿಡಿದಿದ್ದ ಇನ್ನೊಂದು ಕೈಯೂ ಕಾಣುತ್ತಿತ್ತು.

“ಇಬ್ಬರಿದ್ರು ಅಲ್ಲಿ,” ಎಂದ ನಿಧಾನಪ್ಪ. “ಒಬ್ಬರು ಫೋಟೋ ತೆಗೆದದ್ದು. ಇನ್ನೊಬ್ಬರು ಕೈ ನಡುಗದ ಹಾಗೆ ಹಿಡ್ಕೊಂಡದ್ದು.”

ಡಾಕ್ಟರಮ್ಮ ಭೂತಗನ್ನಡಿ ಕಿತ್ತುಕೊಂಡರು. ಬಹಳ ಹೊತ್ತು ನೋಡಿದರು. ಮೊಣಕೈ ಅಂಗೈಯಲ್ಲಿ ಕೂತಿತ್ತು. ಎರಡು ಬೆರಳು ಮುಂಗೈಯ ಉದ್ದಕ್ಕೆ ಚಾಚಿದ್ದವು. ಕಿರುಬೆರಳು ಒಳಕ್ಕೆ ಮಡಚಿತ್ತು.

ಅವರ ಮುಖದ ಬಣ್ಣ ಬದಲಾಯಿತು.

“ಈ ಹಿಡಿತ ಯಾವ ಪುಸ್ತಕದಲ್ಲೂ ಇಲ್ಲ,” ಎಂದರು ಪಿಸುದನಿಯಲ್ಲಿ. “ಕೈ ನಡುಗೋರಿಗೆ ಚಮಚ ಬಾಯಿಗೆ ತಗೊಂಡು ಹೋಗೋದು ಕಲಿಸೋಕೆ ನಾನೇ ಮಾಡ್ಕೊಂಡದ್ದು. ಕಿರುಬೆರಳು ತಾಗಿದ್ರೆ ಅವರಿಗೆ ಕಚಗುಳಿ ಆಗುತ್ತೆ, ಅದಕ್ಕೇ ಮಡಚೋದು. ನಾನಿದನ್ನ ಒಬ್ಬರಿಗೇ ಹೇಳಿಕೊಟ್ಟಿರೋದು.”

ಪಾಲುದಾರ ಏನೋ ಕೇಳಹೋದ. ನಿಧಾನಪ್ಪ ಕಣ್ಣಿನಲ್ಲೇ ಸುಮ್ಮನಿರಿಸಿದ.

ಪರದೆ ಸರಿಯಿತು. ನಾದಿನಿ ಮಡಚಿದ ಟವೆಲ್ಲುಗಳನ್ನು ಎದೆಗವಚಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಕಣ್ಣು ಊದಿಕೊಂಡಿತ್ತು. ಅದು ಇವತ್ತಿನ ಅಳುವಲ್ಲ. ಎರಡು ಮೂರು ದಿನದ್ದು.

“ಬಾ ಇಲ್ಲಿ,” ಎಂದರು ಡಾಕ್ಟರಮ್ಮ, ತಮ್ಮ ಬಲಗೈ ಚಾಚಿ. ಆ ಕೈ ನಿಜವಾಗಿಯೂ ನಡುಗುತ್ತಿತ್ತು. “ನಂಗ್ಯಾಕೋ ಕೈ ನಿಲ್ತಾ ಇಲ್ಲ. ಸ್ವಲ್ಪ ಹಿಡ್ಕೋ.”

ನಾದಿನಿ ಟವೆಲ್ಲುಗಳನ್ನು ಕುರ್ಚಿಯ ಮೇಲಿಟ್ಟು ಬಂದು ಅತ್ತಿಗೆಯ ಮೊಣಕೈ ಹಿಡಿದಳು. ಅಂಗೈ ಕೆಳಗೆ, ಎರಡು ಬೆರಳು ಉದ್ದಕ್ಕೆ, ಕಿರುಬೆರಳು ಮಡಚಿ. ಹಿಡಿದ ಮೇಲೆ ತಾನೇನು ಮಾಡಿದೆನೆಂದು ನೋಡಿಕೊಂಡಳು. ಆದರೂ ಬಿಡಲಿಲ್ಲ.

“ಎಲ್ಲಿಟ್ಟಿದೀಯೇ ನಿಮ್ಮಣ್ಣನ್ನ?”

“ನಮ್ಮ ಮನೆ ಹಿಂದಿನ ರೂಮಿನಲ್ಲಿ ಅತ್ತಿಗೆ.”

“ಹದಿನಾಲ್ಕು ವಾರ. ದಿನಾ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದೀಯಾ.”

“ದೊಡ್ಡ ಡಾಕ್ಟರಿಗೆ ತೋರ್ಸಿದೀನಿ. ಮಾತ್ರೆ ನಡೀತಿದೆ. ವ್ಯಾಯಾಮ ನಾನೇ ಮಾಡಿಸ್ತೀನಿ. ‘ಕೈ ನಿಂತ ಮೇಲೆ ನಾನೇ ಹೋಗಿ ಅವಳ ಮುಂದೆ ನಿಲ್ತೀನಿ’ ಅಂತಿದ್ರು ಅಣ್ಣ. ‘ದಿನವಿಡೀ ಊರವರ ಕೈಕಾಲು ತಿದ್ದಿ ಬರ್ತಾಳೆ, ಮನೇಲೂ ಅದೇ ಕೆಲಸ ಮಾಡಿಸ್ಲಾ, ಹೇಳ್ಬೇಡ’ ಅಂತ ಬೇಡಿಕೊಂಡ್ರು. ನಂಗೆ ಅವರ ಮಾತು ಮೀರೋಕೆ ಆಗ್ಲಿಲ್ಲ, ನಿಮ್ಮ ಮುಖ ನೋಡೋಕೂ ಆಗ್ತಿರ್ಲಿಲ್ಲ. ಮಂಗಳವಾರ ಮಾತ್ರ, ಒಂದೇ ಸಲ ನೋಡ್ಬೇಕು ಅಂದ್ರು. ಟೋಪಿ ಹಾಕಿಸಿ, ರೋಗಿ ಅಂತ ಕರ್ಕೊಂಡು ಬಂದು ಪರದೆ ಹಿಂದೆ ಕೂರಿಸ್ದೆ.”

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಸಿಟ್ಟಿಗೂ ಸಮಾಧಾನಕ್ಕೂ ನಡುವೆ ಏನೋ ಒಂದು ಅವರ ಮುಖದ ಮೇಲೆ ಬಂದು ಹೋಯಿತು. ಕಣ್ಣು ತೆರೆದಾಗ ಮಂಚದಿಂದ ಎದ್ದಾಗಿತ್ತು.

“ನಡಿ. ಈಗಲೇ ಹೋಗೋಣ. ಬೈಯೋದೆಲ್ಲ ಆಮೇಲೆ.”

ನಾದಿನಿ ಕದಲಲಿಲ್ಲ. ಮೊಣಕೈ ಹಿಡಿದ ಕೈ ಬಿಗಿಯಾಯಿತು.

“ಅವರಲ್ಲಿಲ್ಲ ಅತ್ತಿಗೆ.”

“ಅಂದ್ರೆ?”

“ಮಂಗಳವಾರ ಊಟ ಕೊಟ್ಟು, ಹೊರಗಿನಿಂದ ಬಾಗಿಲು ಎಳೆದು ಮಲಗಿದೆ. ಬುಧವಾರ ಬೆಳಿಗ್ಗೆ ಹೋದ್ರೆ ಬಾಗಿಲು ತೆರೆದಿತ್ತು. ಅಣ್ಣ ಇರ್ಲಿಲ್ಲ. ಚಪ್ಪಲಿ ಇದೆ, ಮಾತ್ರೆ ಡಬ್ಬಿ ಇದೆ, ಕ್ಯಾಮೆರಾ ಮೇಜಿನ ಮೇಲೆ ಇದೆ. ಎರಡು ದಿನ ಒಬ್ಬಳೇ ಹುಡುಕಿದೆ. ನಿಮಗೆ ಬಾಯಿಬಿಟ್ಟು ಹೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಆ ಫೋಟೋ ಪ್ರಿಂಟ್ ಹಾಕಿಸಿ ಬಾಗಿಲಿಗೆ ಸಿಕ್ಕಿಸ್ದೆ. ನೀವೇ ಕಂಡುಹಿಡೀಲಿ ಅಂತ.”

ಪಾಲುದಾರ ಸ್ಟೂಲಿನಿಂದ ಎದ್ದುನಿಂತ. ನಿಧಾನಪ್ಪ, ತನ್ನ ಸ್ವಭಾವಕ್ಕೆ ವಿರುದ್ಧವಾಗಿ, ಎರಡೇ ಹೆಜ್ಜೆಯಲ್ಲಿ ಅವಳ ಮುಂದೆ ಬಂದಿದ್ದ.

“ಒಂದು ಮಾತು ಹೇಳಮ್ಮ. ಆ ಕ್ಯಾಮೆರಾದಲ್ಲಿ ಕೊನೇ ಫೋಟೋ ಇದೇನಾ?”

ನಾದಿನಿ ಅಲ್ಲವೆಂದು ತಲೆಯಾಡಿಸಿದಳು.

“ಇದಾದ ಮೇಲೆ ಇನ್ನೊಂದಿದೆ. ಬುಧವಾರ ಬೆಳಗಿನ ಜಾವ ನಾಲ್ಕು ಹತ್ತರದ್ದು, ನಾನು ತೆಗೆದದ್ದಲ್ಲ. ಅದನ್ನ ಪ್ರಿಂಟ್ ಹಾಕಿಸೋಕೆ ನಂಗೆ ಧೈರ್ಯ ಸಾಲ್ಲಿಲ್ಲ.”

“ಏನಿದೆ ಅದರಲ್ಲಿ?”

ಅವಳು ಅತ್ತಿಗೆಯ ಮುಖವನ್ನೇ ನೋಡುತ್ತ ಹೇಳಿದಳು:

“ಅಣ್ಣ ಇದ್ದಾರೆ. ಹೊದ್ಕೊಂಡು ನಿದ್ದೆ ಮಾಡ್ತಿದ್ದಾರೆ.”